ಬಿಳಿ ಗಾರೆಯ ಬರೋಕ್: ರೋಮಿನ ಸಾನ್ ಕಾರ್ಲಿನೊ ನೋಡುವ ಬಗೆ

ಬರೋಕ್ ಚರ್ಚು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಳೆ ಗೋವಾ. ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಹೋಗಿ, ಬಾಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಬೆಳ್ಳಿ ಪೆಟ್ಟಿಗೆ ನೋಡಿ, ಬಲಿಪೀಠದ ಹಿಂದಿನ ಚಿನ್ನದ ಕೆತ್ತನೆಗೆ ಬಾಯಿಬಿಟ್ಟು ನಿಂತು, ಹೊರಗೆ ಬಂದು ಎಳನೀರು ಕುಡಿಯುತ್ತೇವೆ. ಹಾಗಾಗಿ ಬರೋಕ್ ಅಂದ್ರೆ ಚಿನ್ನ, ರೆಕ್ಕೆ ಇರುವ ಮಕ್ಕಳು, ಒಂದಿಂಚೂ ಖಾಲಿ ಬಿಡದ ಅಲಂಕಾರ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ನನಗೂ ಹಾಗೇ ಇತ್ತು. ಆ ತಪ್ಪು ತಿಳಿವಳಿಕೆ ಬಿಡಿಸಿದ್ದು ರೋಮಿನ ಒಂದು ಪುಟ್ಟ ಚರ್ಚು.

ಅದರ ಪೂರ್ತಿ ಹೆಸರು ಸಾನ್ ಕಾರ್ಲೊ ಅಲ್ಲೆ ಕ್ವಾತ್ರೊ ಫೊಂತಾನೆ. ಅಂದ್ರೆ ನಾಲ್ಕು ಕಾರಂಜಿಗಳ ಹತ್ತಿರದ ಸಂತ ಕಾರ್ಲೊ ಚರ್ಚು. ರೋಮಿನವರು ಸಾನ್ ಕಾರ್ಲಿನೊ ಅನ್ನುತ್ತಾರೆ. ನಾವು ಪುಟ್ಟಸ್ವಾಮಿ, ಚಿಕ್ಕಣ್ಣ ಅಂದ ಹಾಗೆ. ಇಲ್ಲಿ ಪುಟ್ಟ ಅನ್ನುವುದು ಬರೀ ಮುದ್ದಿನ ಮಾತಲ್ಲ, ಅಳತೆಯೂ ಹೌದು. ಸೇಂಟ್ ಪೀಟರ್ಸ್ ಚರ್ಚಿನ ದೊಡ್ಡ ಗುಮ್ಮಟವನ್ನು ನಾಲ್ಕು ದೈತ್ಯ ಕಂಬಗಳು ಹೊತ್ತಿವೆಯಲ್ಲ, ಅವುಗಳಲ್ಲಿ ಒಂದೇ ಒಂದು ಕಂಬ ನಿಂತ ಜಾಗದಲ್ಲಿ ಈ ಇಡೀ ಚರ್ಚು ಕೂರುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಒಳಗೆ ಹೋದರೆ ಬಣ್ಣದ ಅಮೃತಶಿಲೆ ಇಲ್ಲ. ಚಿನ್ನ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಇಟ್ಟಿಗೆ, ಅದರ ಮೇಲೆ ಬಿಳಿ ಗಾರೆ. ಆದರೂ ಬರೋಕ್ ವಾಸ್ತುವಿನ ಬಗ್ಗೆ ಮಾತಾಡುವ ಯಾರೂ ಇದನ್ನು ಬಿಟ್ಟು ಮುಂದೆ ಹೋಗಲಾರರು. ಯಾಕೆ?

ಬರೋಕ್ ಎಂಬ ಪದ ಪೋರ್ಚುಗೀಸರ 'ಬರೋಕೊ'ದಿಂದ ಬಂತು ಎಂದು ಹೆಚ್ಚಿನವರ ಅಭಿಪ್ರಾಯ. ಹಾಗಂದ್ರೆ ಸೊಟ್ಟ ಮುತ್ತು. ದುಂಡಗಿರಬೇಕಾದ ಮುತ್ತು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತಗ್ಗಿದ್ದರೆ ಅದು ಬರೋಕೊ. ಮೊದಮೊದಲು ಇದು ಬೈಗುಳವೇ ಆಗಿತ್ತು. ಆಮೇಲೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಕಲೆಗೆ ಹೆಸರಾಗಿ ಅಂಟಿಕೊಂಡಿತು. ಬೈದವರ ಕಣ್ಣು ಮಾತ್ರ ಚುರುಕಾಗಿತ್ತು. ಈ ಶೈಲಿಯ ಗುಟ್ಟು ಆ ಸೊಟ್ಟದಲ್ಲೇ ಇದೆ. ಹೊಳಪು ಬೇಕಾದರೆ ಬಳಿಯಬಹುದು, ಬೇಡವಾದರೆ ಬಿಡಬಹುದು.

ಅದಕ್ಕೂ ಹಿಂದಿನ ಕಾಲದಲ್ಲಿ, ಅಂದ್ರೆ ರಿನೈಸಾನ್ಸ್ ದಿನಗಳಲ್ಲಿ, ಇಟಲಿಯ ವಾಸ್ತುಶಿಲ್ಪಿಗಳಿಗೆ ವೃತ್ತ ಮತ್ತು ಚೌಕ ಅಂದ್ರೆ ಪ್ರಾಣ. ವೃತ್ತಕ್ಕೆ ಒಂದೇ ನಡುಬಿಂದು. ಅಲ್ಲಿ ಹೋಗಿ ನಿಂತರೆ ಎಲ್ಲ ದಿಕ್ಕೂ ಸಮ. ಕಣ್ಣು ತಣ್ಣಗೆ ಕೂತುಬಿಡುತ್ತದೆ. ಬರೋಕಿನವರು ಆ ವೃತ್ತವನ್ನು ಎರಡೂ ಕಡೆಯಿಂದ ಹಿಡಿದು ಎಳೆದರು. ವೃತ್ತ ಮೊಟ್ಟೆಯ ಆಕಾರಕ್ಕೆ ಬಂತು. ಈಗ ಒಂದೇ ನಡುಬಿಂದು ಇಲ್ಲ. ಎಲ್ಲಿ ನಿಂತರೂ ಒಂದು ಗೋಡೆ ಹತ್ತಿರ, ಇನ್ನೊಂದು ದೂರ. ಕಣ್ಣು ಓಡಾಡಲೇಬೇಕು. ಅದೇ ಕಾಲಕ್ಕೆ ಪ್ರಾಟೆಸ್ಟಂಟರ ಸವಾಲಿಗೆ ಉತ್ತರ ಕೊಡಬೇಕಿದ್ದ ಕ್ಯಾಥೋಲಿಕ್ ಧರ್ಮಸಭೆಗೂ ಒಳಗೆ ಬಂದವರ ಮೈ ಜುಮ್ಮೆನ್ನಿಸುವ ಕಟ್ಟಡಗಳು ಬೇಕಾಗಿದ್ದವು. ಇಬ್ಬರ ಆಸೆಯೂ ಕೂಡಿ ಬಂತು.

ಬಾರ್ಬೆರಿನಿ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಒಂದು ಏರು ರಸ್ತೆ. ಹತ್ತಿ ಹೋದರೆ ಒಂದು ಚೌಕ, ಅದರ ನಾಲ್ಕೂ ಮೂಲೆಯಲ್ಲಿ ಒಂದೊಂದು ಕಾರಂಜಿ, ಪ್ರತಿ ಕಾರಂಜಿಯಲ್ಲೂ ಒರಗಿ ಮಲಗಿದ ಒಂದು ಮೂರ್ತಿ. 1580ರ ದಶಕದ ಕೊನೆಯಲ್ಲಿ, ಪೋಪ್ ಐದನೇ ಸಿಕ್ಸ್ಟಸ್ ಕಾಲದಲ್ಲಿ ಶುರುವಾದ ಕೆಲಸ ಅದು. ಚೌಕದ ನಡುವೆ ನಿಂತರೆ ಮೂರು ರಸ್ತೆಗಳ ತುದಿಯಲ್ಲಿ ಒಂದೊಂದು ಕಲ್ಲಿನ ಸ್ತಂಭ, ನಾಲ್ಕನೆಯದರ ತುದಿಯಲ್ಲಿ ಊರ ಹೆಬ್ಬಾಗಿಲು ಕಾಣುತ್ತವೆ. ಆದರೆ ನಡುವೆ ನಿಲ್ಲುವುದು ಬೇಡ. ಸ್ಕೂಟರುಗಳು ನಮ್ಮೂರಿನವಕ್ಕಿಂತ ಏನೂ ಸಭ್ಯವಾಗಿಲ್ಲ. ಫುಟ್‌ಪಾತು ಎಷ್ಟು ಕಿರಿದೆಂದರೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಅಂಟಬೇಕು. ಆ ಮೂಲೆಗಳಲ್ಲೊಂದರಲ್ಲಿ, ಕಾರಂಜಿಗೆ ಅಂಟಿಕೊಂಡೇ ಸಾನ್ ಕಾರ್ಲಿನೊ ಇದೆ.

ನೋಡುವ ಮೊದಲು ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ನಾವು ಈ ಕಟ್ಟಡವನ್ನು ಕಟ್ಟಿದ ಕ್ರಮಕ್ಕೆ ಉಲ್ಟಾ ನೋಡುತ್ತೇವೆ. ಮೊದಲು ಕಣ್ಣಿಗೆ ಬೀಳುವ ಮುಂಭಾಗ ಕಟ್ಟಿದ್ದು ಕಟ್ಟಕಡೆಗೆ. ಶುರುವಾಗಿದ್ದು ಹಿಂದಿನಿಂದ.

1634ರಲ್ಲಿ ಸ್ಪೇನಿನ ಟ್ರಿನಿಟೇರಿಯನ್ ಸನ್ಯಾಸಿಗಳು ಈ ಮೂಲೆ ಸೈಟಿನಲ್ಲಿ ಮಠ ಮತ್ತು ಚರ್ಚು ಕಟ್ಟಿಸಲು ಹೊರಟರು. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸಿ ತರುವುದು ಈ ಪಂಥದ ಮೂಲ ಕೆಲಸ. ಹಾಗಾಗಿ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಅವರು ಹಿಡಿದಿದ್ದು ಫ್ರಾಂಚೆಸ್ಕೊ ಬೊರೊಮಿನಿ ಎಂಬ ಮೂವತ್ತೈದರ ಆಸುಪಾಸಿನ ಕಲ್ಲುಕೆಲಸದವನನ್ನು. ಲುಗಾನೊ ಸರೋವರದ ದಂಡೆಯ ಬಿಸ್ಸೊನೆ ಎಂಬ ಊರಲ್ಲಿ 1599ರಲ್ಲಿ ಹುಟ್ಟಿದವನು. ರೋಮಿಗೆ ಬಂದು ಸಂಬಂಧಿಕ ಕಾರ್ಲೊ ಮಾದೆರ್ನೊ ಕೈಕೆಳಗೆ ಸೇಂಟ್ ಪೀಟರ್ಸಿನಲ್ಲಿ ಕಲ್ಲು ಕೆತ್ತಿದವನು. 1629ರಲ್ಲಿ ಮಾದೆರ್ನೊ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದದ್ದು ಜಾನ್ ಲೊರೆಂಜೊ ಬೆರ್ನಿನಿ. ವಯಸ್ಸಿನಲ್ಲಿ ಸುಮಾರು ಒಂದು ವರ್ಷ ದೊಡ್ಡವನು ಅಷ್ಟೇ. ಮಾತುಗಾರ, ಪೋಪರಿಗೆ ಆಪ್ತ, ಊರಿಗೇ ಪ್ರಿಯ. ಬೊರೊಮಿನಿ ಮುಂಗೋಪಿ, ಒಂಟಿ, ಅಳತೆ ಒಂದು ಎಳೆ ತಪ್ಪಿದರೂ ಸಹಿಸದವನು. ನಕ್ಷೆ ಬರೆದವನು ತಾನು, ಹೆಸರು ಹೋದದ್ದು ಇನ್ನೊಬ್ಬನಿಗೆ ಎಂಬ ಕಹಿ ಕೊನೆವರೆಗೂ ಅವನನ್ನು ಬಿಡಲಿಲ್ಲ. ಸಾನ್ ಕಾರ್ಲಿನೊ ಅವನ ಮೊದಲ ಸ್ವಂತ ಕೆಲಸ. ಸನ್ಯಾಸಿಗಳಿಂದ ಕೂಲಿ ಕೇಳಲಿಲ್ಲ ಎಂದು ಮಠದವರೇ ಬರೆದಿಟ್ಟಿದ್ದಾರೆ.

ಚರ್ಚಿಗಿಂತ ಮೊದಲು ಎದ್ದದ್ದು ಸನ್ಯಾಸಿಗಳ ವಾಸದ ಭಾಗ ಮತ್ತು ಅದರ ನಡುವಿನ ಅಂಗಳ. ನಮ್ಮ ತೊಟ್ಟಿಮನೆ ನೋಡಿದವರಿಗೆ ಅಂಗಳ ಥಟ್ಟನೆ ಅರ್ಥವಾಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಜಾಗ, ಅಲ್ಲೊಂದು ಬಾವಿ, ಸುತ್ತ ಕಂಬಗಳ ಮೊಗಸಾಲೆ, ಮೇಲೊಂದು ಅಂತಸ್ತು. ಒಂದೇ ವ್ಯತ್ಯಾಸ. ತೊಟ್ಟಿಗೆ ನಾಲ್ಕು ಚೂಪು ಮೂಲೆ ಇರುತ್ತವೆ, ಇಲ್ಲಿ ಮೂಲೆಯೇ ಇಲ್ಲ. ಮೂಲೆ ಇರಬೇಕಾದ ಜಾಗವನ್ನು ಕತ್ತರಿಸಿ, ಅಲ್ಲಿನ ಗೋಡೆಯನ್ನು ಅಂಗಳದ ಕಡೆಗೆ ಸ್ವಲ್ಪ ಉಬ್ಬಿಸಿದ್ದಾನೆ. ಇಷ್ಟು ಚಿಕ್ಕ ಅಂಗಳದಲ್ಲಿ ನಾಲ್ಕು ಕತ್ತಲೆ ಮೂಲೆ ಬಿಟ್ಟಿದ್ದರೆ ಪೆಟ್ಟಿಗೆಯೊಳಗೆ ನಿಂತ ಹಾಗೆ ಆಗುತ್ತಿತ್ತು. ಮೂಲೆ ಹೋದದ್ದಕ್ಕೆ ಕಂಬಗಳ ಸಾಲು ಎಲ್ಲೂ ನಿಲ್ಲದೆ ಸುತ್ತುತ್ತದೆ.

ಇಲ್ಲಿ ಮೇಲಂತಸ್ತಿನ ಕಟಾಂಜನ ನೋಡದೆ ಹೋಗಬೇಡಿ. ಅದರ ಗಿಡ್ಡ ಕಂಬಗಳು ಮಾಮೂಲಿ ಆಕಾರದವು, ಹೂಜಿಯ ಹಾಗೆ ಒಂದು ಕಡೆ ಹೊಟ್ಟೆ, ಒಂದು ಕಡೆ ಕತ್ತು. ಎಲ್ಲ ಕಡೆಯೂ ಹೊಟ್ಟೆ ಕೆಳಗೆ, ಕತ್ತು ಮೇಲೆ ಇರುತ್ತದೆ ಅಲ್ವಾ? ಇಲ್ಲಿ ಒಂದು ಸರಿ, ಪಕ್ಕದ್ದು ತಲೆಕೆಳಗು. ಮತ್ತೊಂದು ಸರಿ, ಮತ್ತೊಂದು ತಲೆಕೆಳಗು. ಒಂದರ ಹೊಟ್ಟೆ ಇನ್ನೊಂದರ ಕತ್ತಿನ ಪಕ್ಕಕ್ಕೆ ಬರುತ್ತದೆ. ಹಾಗಾಗಿ ಎರಡರ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲ, ಒಂದು ಬಾಗಿದ ಪಟ್ಟಿಯ ಹಾಗೆ. ಒಂದು ಕಾಸೂ ಜಾಸ್ತಿ ಖರ್ಚಿಲ್ಲ. ಅದೇ ಅಚ್ಚು, ಅದೇ ಗಾರೆ. ಅರ್ಧದಷ್ಟನ್ನು ತಿರುಗಿಸಿ ನಿಲ್ಲಿಸಿದ, ಅಷ್ಟೇ. ಬೊರೊಮಿನಿಯ ಬುದ್ಧಿ ಎಂಥದ್ದೆಂದು ಈ ಕಟಾಂಜನವೊಂದೇ ಹೇಳಿಬಿಡುತ್ತದೆ. ಚರ್ಚಿನೊಳಗೂ ಅವನು ಮಾಡಿದ್ದು ಇಂಥದ್ದನ್ನೇ, ದೊಡ್ಡ ಅಳತೆಯಲ್ಲಿ.

ಚರ್ಚಿನ ಕೆಲಸ ಶುರುವಾಗಿದ್ದು 1638ರಲ್ಲಿ. 1641ರ ಹೊತ್ತಿಗೆ ಒಳಭಾಗ ಮುಗಿದಿತ್ತು. ಒಳಗೆ ಕಾಲಿಟ್ಟವರಿಗೆ ಮೊದಲು ಆಗುವುದು ಗೊಂದಲ. ಇದು ದುಂಡಗಿದೆಯಾ, ಉದ್ದಕ್ಕಿದೆಯಾ, ಶಿಲುಬೆಯ ಆಕಾರದಲ್ಲಿದೆಯಾ? ಗೋಡೆ ಎಲ್ಲಿ ಮುಗಿಯುತ್ತದೆ? ನನ್ನ ಜೊತೆ ಬಂದಿದ್ದ ಗೆಳೆಯ ಸೈಟ್ ಎಂಜಿನಿಯರ್. ಅವನು ದೇವರಿಗೆ ಕೈ ಮುಗಿಯುವ ಮೊದಲೇ ನೆಲ ನೋಡಿದ. "ಅಲ್ಲಪ್ಪಾ, ಇದಕ್ಕೆ ಮಾರ್ಕಿಂಗ್ ಹೇಗೆ ಮಾಡಿದ್ರು?" ಅಂದ. ಸರಿಯಾದ ಪ್ರಶ್ನೆ ಅದು. ಮನೆ ಕಟ್ಟುವಾಗ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಎಳೆಯುತ್ತಾರಲ್ಲ. ನೇರ ಗೋಡೆಗೆ ಅದು ಸುಲಭ. ಅಲೆಅಲೆಯಾಗಿ ಬಾಗಿದ ಗೋಡೆಗೆ ದಾರ ಎಲ್ಲಿ ಕಟ್ಟುವುದು?

ಉತ್ತರವನ್ನು ಮನೆಯಲ್ಲೇ ಕೂತು ಬರೆದು ನೋಡಬಹುದು. ಒಂದು ಹಾಳೆ, ಸ್ಕೇಲು, ಕೈವಾರ ತಗೊಳ್ಳಿ. ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನೇ ಒಂದು ಬದಿಯಾಗಿ ಇಟ್ಟುಕೊಂಡು ಮೇಲೊಂದು, ಕೆಳಗೊಂದು ಸಮಬಾಹು ತ್ರಿಕೋನ ಬರೆಯಿರಿ. ಈಗ ಕಾಜು ಬರ್ಫಿಯ ಆಕಾರ ಸಿಕ್ಕಿತು. ಪ್ರತಿ ತ್ರಿಕೋನದೊಳಗೆ ಮೂರೂ ಬದಿ ಮುಟ್ಟುವ ಹಾಗೆ ಒಂದೊಂದು ವೃತ್ತ ಕೂರಿಸಿ. ಎರಡೂ ವೃತ್ತಗಳು ನಡುಗೆರೆಯ ಮಧ್ಯದಲ್ಲಿ ಒಂದನ್ನೊಂದು ಮುಟ್ಟುತ್ತವೆ. ಆಮೇಲೆ ಕೈವಾರದ ಮುಳ್ಳನ್ನು ನಡುಗೆರೆಯ ಎಡತುದಿಗೆ ಊರಿ. ಪೆನ್ಸಿಲನ್ನು ಬಲಗಡೆಯ ಮೇಲಿನ ಬದಿಯ ನಡುಬಿಂದುವಿನವರೆಗೆ ಚಾಚಿ, ಅಲ್ಲಿಂದ ಕೆಳಗಿನ ಬದಿಯ ನಡುಬಿಂದುವಿನವರೆಗೆ ಒಂದು ಬಾಗುಗೆರೆ ಎಳೆಯಿರಿ. ಬಲತುದಿಗೆ ಮುಳ್ಳು ಊರಿ ಎಡಗಡೆಗೂ ಹಾಗೇ ಮಾಡಿ. ಈ ಎರಡು ದೊಡ್ಡ ಬಾಗುಗೆರೆಗಳು ಎರಡು ವೃತ್ತಗಳಿಗೆ ಎಲ್ಲೂ ಮೊನೆ ಬಾರದ ಹಾಗೆ ನುಣ್ಣಗೆ ಕೂಡಿಕೊಳ್ಳುತ್ತವೆ. ಮೊಟ್ಟೆಯಾಕಾರ ತಯಾರು.

ಇದು ಗಣಿತದ ಮೇಷ್ಟ್ರು ಹೇಳಿಕೊಡುವ ದೀರ್ಘವೃತ್ತ ಅಲ್ಲ. ನಾಲ್ಕು ಬೇರೆ ಬೇರೆ ವೃತ್ತಗಳ ತುಂಡು ಸೇರಿಸಿ ಮಾಡಿದ ಆಕಾರ. ದೊಡ್ಡ ಬಾಗುಗೆರೆಯ ತ್ರಿಜ್ಯ ಚಿಕ್ಕದರ ಸರಿಯಾಗಿ 3 ಪಟ್ಟು. ಮೇಸ್ತ್ರಿಗೆ ಬೇಕಾದ್ದು ನಾಲ್ಕು ಗೂಟ, ಎರಡು ಅಳತೆಯ ಹಗ್ಗ. ಅಷ್ಟರಲ್ಲಿ ಮಾರ್ಕಿಂಗ್ ಮುಗಿಯಿತು. ಗೆಳೆಯನಿಗೆ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದೆ. ಒಪ್ಪಿಕೊಂಡ. ತ್ರಿಕೋನವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಅರ್ಥವೂ ಇದೆ. ಟ್ರಿನಿಟಿ ಅಂದ್ರೆ ತ್ರಿತ್ವ. ತಂದೆ, ಮಗ, ಪವಿತ್ರಾತ್ಮ. ಪಂಥದ ಹೆಸರಿನಲ್ಲೇ ಇರುವ ಮೂರನ್ನು ಕಟ್ಟಡದ ಬುಡದಲ್ಲೇ ಹೂತಿದ್ದಾನೆ.

ಬೊರೊಮಿನಿ ಬರೆದ ನಕ್ಷೆಗಳು ವಿಯೆನ್ನಾದ ಅಲ್ಬರ್ಟಿನಾ ಸಂಗ್ರಹಾಲಯದಲ್ಲಿವೆ. ಶಾಯಿ ಬಿಟ್ಟು ಸೀಸದಕಡ್ಡಿಯಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚಿದವು. ಈ ತ್ರಿಕೋನ, ವೃತ್ತಗಳು ಅಲ್ಲಿ ಕಾಣುತ್ತವೆ. ಯಾವ ಗೆರೆ ಮೊದಲು, ಯಾವುದು ಆಮೇಲೆ ಸೇರಿದ್ದು ಎಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ನಮಗೆ ಅದು ಬೇಡ.

ಕಾಗದದಿಂದ ತಲೆಯೆತ್ತಿ ಕಟ್ಟಡ ನೋಡೋಣ. ಸುತ್ತಲೂ 16 ಕಂಬಗಳು, ಅರ್ಧ ಗೋಡೆಯೊಳಗೆ ಹುದುಗಿದಂತಿವೆ. ಕಂಬಗಳ ಮೇಲೆ ದಪ್ಪನೆಯ ಒಂದು ಪಟ್ಟಿ ಓಡುತ್ತದೆ. ನಮ್ಮ ದೇವಸ್ಥಾನಗಳಲ್ಲಿ ಬೋದಿಗೆಯ ಮೇಲೆ ತೊಲೆ ಕೂರುತ್ತದಲ್ಲ, ಅದೇ ಜಾಗ. ಗೊಂದಲ ಬಿಡಿಸುವ ಕೀಲಿ ಈ ಪಟ್ಟಿ. ಬಾಗಿಲ ಮೇಲಿನಿಂದ ಶುರುಮಾಡಿ ಬೆರಳಿನಿಂದ ಗಾಳಿಯಲ್ಲಿ ಅದನ್ನು ಹಿಂಬಾಲಿಸಿ. ಪಕ್ಕದವರು ವಿಚಿತ್ರವಾಗಿ ನೋಡಿದರೆ ನೋಡಲಿ. ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಸ್ವಲ್ಪ ದೂರ ನೇರ ಹೋಗುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಎಲ್ಲೂ ತುಂಡಾಗದೆ ಒಂದು ಸುತ್ತು ಹಾಕಿ ಬಾಗಿಲಿಗೇ ವಾಪಸ್ಸು. ಒಂದು ಸುತ್ತು ಆದ ಮೇಲೆ ಮೈಗೇ ಲೆಕ್ಕ ಸಿಗುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಗುಳಿ, ಅವುಗಳ ನಡುವೆ ಮುಂದೆ ಬಂದ ನಾಲ್ಕು ಗೋಡೆ. ಸಮಯವಿದ್ದರೆ ಬೋದಿಗೆಗಳನ್ನೂ ನೋಡಿ. ಕೆಲವು ಕಂಬಗಳಲ್ಲಿ ಸುರುಳಿ ರೂಢಿಗೆ ಉಲ್ಟಾ ಸುತ್ತಿಕೊಂಡಿದೆ. ಕಟಾಂಜನದ ಕೈಚಳಕವೇ ಇಲ್ಲೂ.

ಈಗ ಕಷ್ಟದ ಜಾಗ. ಕೆಳಗೆ ಗೋಡೆ ಅಲೆಅಲೆ. ಮೇಲೆ ಗುಮ್ಮಟ ನುಣುಪಾದ ಮೊಟ್ಟೆಯಾಕಾರ. ಎರಡನ್ನೂ ಕೂಡಿಸುವುದು ಹೇಗೆ? ಕೆಳಗೆ ಒಂದು ಆಕಾರ, ಮೇಲೆ ಇನ್ನೊಂದು ಆಕಾರ ಎಂಬ ಈ ತೊಡಕು ಗುಮ್ಮಟ ಕಟ್ಟುವವರಿಗೆಲ್ಲ ಬರುವಂಥದ್ದು. ಅದೇ ದಶಕಗಳಲ್ಲಿ ನಮ್ಮ ವಿಜಯಪುರದ ಗೋಳಗುಮ್ಮಟದ ಮೇಸ್ತ್ರಿಗಳೂ ಅದಕ್ಕೇ ಎದುರಾಗಿದ್ದರು. 1656ರಲ್ಲಿ ಮೊಹಮ್ಮದ್ ಆದಿಲ್ ಶಾ ತೀರಿಕೊಂಡಾಗ ಆತನನ್ನು ಇಟ್ಟ ಆ ಕಟ್ಟಡದಲ್ಲಿ ಕೆಳಗೆ ಚೌಕದ ಕೋಣೆ, ಮೇಲೆ ಸುಮಾರು 38 ಮೀಟರ್ ಒಳ ಅಡ್ಡಳತೆಯ ದುಂಡು ಗುಮ್ಮಟ. ಅವರು ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದರು. ರಂಗೋಲಿಯ ಎಂಟು ಮೊನೆಯ ನಕ್ಷತ್ರವನ್ನೇ ಎತ್ತಿ ನಿಲ್ಲಿಸಿದ ಹಾಗೆ. ಮೊನೆಗಳು ಒಳಕ್ಕೆ ಬಾಗುತ್ತ ಚೌಕವನ್ನು ವೃತ್ತದ ಹತ್ತಿರಕ್ಕೆ ತಂದವು. ರೋಮಿನವನಿಗೂ ವಿಜಯಪುರದವರಿಗೂ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರಲಿಲ್ಲ. ಒಂದು ಕಡೆ ಲೋಕದ ಅತಿ ದೊಡ್ಡ ಗುಮ್ಮಟಗಳಲ್ಲೊಂದು, ಇನ್ನೊಂದು ಕಡೆ ಅಂಗೈಯಗಲದ್ದು. ಎರಡೂ ಕಡೆ ಉತ್ತರ ಹುಟ್ಟಿದ್ದು ಗೂಟ ಮತ್ತು ಹಗ್ಗದಿಂದ.

ಬೊರೊಮಿನಿ ನಡುವೆ ಒಂದು ಅಂತಸ್ತು ಸೇರಿಸಿದ. ಪಟ್ಟಿಯ ಮೇಲೆ ನಾಲ್ಕು ಗುಳಿಗಳಿಗೆ ನಾಲ್ಕು ಅರ್ಧಗುಮ್ಮಟ. ಅವುಗಳ ನಡುವಿನ ನಾಲ್ಕು ಜಾಗದಲ್ಲಿ, ಮುಂದಕ್ಕೆ ಬಾಗಿದ ತ್ರಿಕೋನದಂಥ ನಾಲ್ಕು ತುಂಡು ಗೋಡೆ. ವಾಸ್ತುವಿನ ಮಾತಿನಲ್ಲಿ ಪೆಂಡೆಂಟಿವ್. ಕೆಳಗೆ ಕಿರಿದು, ಮೇಲೆ ಅಗಲ, ಬೊಗಸೆಯ ಹಾಗೆ. ನಾಲ್ಕು ಬೊಗಸೆಗಳು ಸೇರಿ ಮೇಲಿನ ಮೊಟ್ಟೆಯಾಕಾರದ ಉಂಗುರವನ್ನು ಹಿಡಿದಿವೆ. ಬರೀ ಈ ನಡು ಅಂತಸ್ತನ್ನು ನೋಡಿದರೆ ಇದು ಶಿಲುಬೆ ಆಕಾರದ ಚರ್ಚು. ಬರೀ ಮೇಲಿನದನ್ನು ನೋಡಿದರೆ ಮೊಟ್ಟೆಯಾಕಾರದ ಚರ್ಚು. ಕೆಳಗಿನದು ಯಾವ ಹೆಸರಿಗೂ ಸಿಗದ ಅಲೆ. ಮೂರು ಬೇರೆ ಬೇರೆ ಚರ್ಚುಗಳನ್ನು ಒಂದರ ಮೇಲೊಂದು ಪೇರಿಸಿ, ಹೊಲಿಗೆ ಕಾಣದ ಹಾಗೆ ಮಾಡಿದ್ದಾನೆ. ಮೊದಲು ಆದ ಗೊಂದಲಕ್ಕೆ ಕಾರಣ ಇದೇ.

ಇಲ್ಲೊಂದು ತಮಾಷೆ. ಈ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಸಂತ ಕಾರ್ಲೊ ಬೊರೊಮಿಯೊ ಮಿಲಾನಿನ ಆರ್ಚ್‌ಬಿಷಪ್ ಆಗಿದ್ದವರು. ಚರ್ಚು ಹೇಗೆ ಕಟ್ಟಬೇಕೆಂದು 1577ರಲ್ಲಿ ಅವರೇ ನಿಯಮಗಳನ್ನು ಬರೆದಿದ್ದರು. ಶಿಲುಬೆ ಆಕಾರ ಒಳ್ಳೆಯದು, ದುಂಡಗಿನದು ಹಳೆಯ ವಿಗ್ರಹಾರಾಧಕರ ಗುಡಿಗಳದ್ದು ಎಂದು ಅವರ ನಿಲುವು. ಅವರ ಹೆಸರಿನ ಚರ್ಚಿನಲ್ಲಿ ಶಿಲುಬೆಯೂ ಇದೆ, ಅದರ ತಲೆಯ ಮೇಲೆ ಮೊಟ್ಟೆಯೂ ಕೂತಿದೆ. ಅವರು ನೋಡಿದ್ದರೆ ಏನನ್ನುತ್ತಿದ್ದರೋ.

ಗುಮ್ಮಟಕ್ಕೆ ಬರೋಣ. ಇದಕ್ಕಾಗಿ ಕುರ್ಚಿ ಹಿಡಿದು ಕೂತುಬಿಡಿ, ಕತ್ತು ನೋಯುತ್ತದೆ. ಗುಮ್ಮಟದ ಒಳಮೈ ತುಂಬ ಜೇನುಹುಟ್ಟಿನಂತೆ ಗುಳಿಗಳು. ಮೂರೇ ಆಕಾರ: ಶಿಲುಬೆ, ಆರು ಬದಿಯದು, ಎಂಟು ಬದಿಯದು. ಒಂದಕ್ಕೊಂದು ಸಂದಿಲ್ಲದೆ ಹೆಣೆದುಕೊಂಡಿವೆ. ಈ ವಿನ್ಯಾಸ ಬೊರೊಮಿನಿ ಕಂಡುಹಿಡಿದದ್ದಲ್ಲ. ರೋಮಿನದೇ ಸಾಂತಾ ಕೊಸ್ತಾಂಜಾ ಚರ್ಚಿನ 4ನೇ ಶತಮಾನದ ಮೊಸಾಯಿಕ್ ಚಿತ್ರಗಳಲ್ಲಿ ಇದೆ. ಆದರೆ ಅಲ್ಲಿ ಅದು ಬಣ್ಣದ ಹಾಸು. ಇಲ್ಲಿ ಆಳವಾಗಿ ಕೊರೆದದ್ದು. ಮೇಲೆ ಹೋದಂತೆ ಗುಳಿಗಳು ಚಿಕ್ಕದಾಗುತ್ತ ಹೋಗುತ್ತವೆ. ದೂರದ್ದು ಚಿಕ್ಕದಾಗಿ ಕಾಣುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಿದೆ. ಆ ಅಭ್ಯಾಸವನ್ನೇ ಬಳಸಿ ಕಣ್ಣಿಗೆ ಮೋಸ ಮಾಡಿದ್ದಾನೆ. ಗುಮ್ಮಟ ಇರುವುದಕ್ಕಿಂತ ಎಷ್ಟೋ ಎತ್ತರ ಎನಿಸುತ್ತದೆ.

ಇನ್ನು ಬೆಳಕು. ಗುಮ್ಮಟದ ಬುಡದಲ್ಲಿ ಕಿಟಕಿಗಳಿವೆ. ಆದರೆ ಉಂಗುರದ ಸುತ್ತ ಗಾರೆಯಲ್ಲಿ ಎಲೆಗಳ ಒಂದು ಸಾಲು ಎದ್ದು ನಿಂತಿದೆ, ಬೇಲಿಯ ಹಾಗೆ. ಕೆಳಗೆ ನಿಂತವರಿಗೆ ಕಿಟಕಿ ಅರೆಬರೆ ಮರೆ. ಬೆಳಕು ಕಾಣುತ್ತದೆ, ಎಲ್ಲಿಂದ ಬಂತೆಂದು ಥಟ್ಟನೆ ಹೊಳೆಯುವುದಿಲ್ಲ. ಬುಡದಲ್ಲಿ ಬೆಳಕು, ನೆತ್ತಿಯ ಲಾಂದ್ರದಲ್ಲಿ (ಗುಮ್ಮಟದ ತುದಿಯ ಕಿಟಕಿಗಳಿರುವ ಪುಟ್ಟ ಗೋಪುರ) ಬೆಳಕು, ನಡುವೆ ಗುಮ್ಮಟ ಯಾರ ಆಸರೆಯೂ ಇಲ್ಲದೆ ತೇಲುತ್ತಿರುವಂತಿದೆ. ನಾವು ಕೂತಿದ್ದಾಗ ಹೊರಗೆ ಮೋಡ ಸರಿಯಿತು. ಬುಡದ ಸಾಲಿನ ಗುಳಿಗಳ ಅಂಚು ಮೊದಲು ಬೆಳ್ಳಗಾಯಿತು, ಒಳಗಿನ ನೆರಳು ಕಪ್ಪಾಯಿತು. ಎರಡು ನಿಮಿಷದ ಹಿಂದೆ ಚಪ್ಪಟೆಯಾಗಿದ್ದ ಶಿಲುಬೆಗಳು ಕೈ ಹಾಕಬಹುದಾದಷ್ಟು ಆಳವಾದವು. ಆಮೇಲೆ ಮತ್ತೆ ಮೋಡ, ಮತ್ತೆ ಎಲ್ಲ ಹಾಲಿನ ಬಣ್ಣ. ಗೋಡೆಗೆ ಬಣ್ಣ ಬಳಿದಿದ್ದರೆ ಈ ಆಟ ಕಾಣುತ್ತಲೇ ಇರಲಿಲ್ಲ. ಬಿಳಿ ಗಾರೆ ಇಲ್ಲಿ ಬಡತನದ ಗುರುತೂ ಹೌದು, ಹೂಡಿದ ಉಪಾಯವೂ ಹೌದು. ಲಾಂದ್ರದ ಒಳಗೆ ತ್ರಿಕೋನ, ಅದರೊಳಗೆ ರೆಕ್ಕೆ ಬಿಚ್ಚಿದ ಪಾರಿವಾಳ. ನೆಲದ ನಕ್ಷೆಯಲ್ಲಿ ಅಡಗಿಸಿದ್ದ ತ್ರಿಕೋನ ನೆತ್ತಿಯಲ್ಲಿ ಕಣ್ಣಿಗೇ ಸಿಗುತ್ತದೆ.

ಕಟ್ಟಿದ ಹೊಸತರಲ್ಲೇ ಇದು ಸುದ್ದಿಯಾಗಿತ್ತು. ಲೋಕದಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಮಠದ ಮೇಲ್ವಿಚಾರಕರು ಹೆಮ್ಮೆಯಿಂದ ಬರೆದಿದ್ದಾರೆ. ಜರ್ಮನ್ನರು, ಫ್ಲೆಮಿಶ್ ಜನ, ಫ್ರೆಂಚರು, ಸ್ಪೇನಿನವರು, ಕೊನೆಗೆ 'ಇಂಡಿಯನ್ನರು' ಕೂಡ ಬಂದು ನಕ್ಷೆ ಕೊಡಿ ಎಂದು ಕೇಳುತ್ತಿದ್ದರಂತೆ. ಆಗಿನ ಯುರೋಪಿನಲ್ಲಿ ಇಂಡಿಯಾ ಅಂದ್ರೆ ಗೋವಾದಿಂದ ಮೆಕ್ಸಿಕೊವರೆಗೆ ಏನೂ ಆಗಬಹುದಿತ್ತು. ಆದರೂ ಓದಿದಾಗ ಖುಷಿಯಾಯಿತು.

ಒಳಗೆ ಇಷ್ಟೆಲ್ಲ ಆದರೂ ಮುಂಭಾಗ ಮಾತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಕಿ ಉಳಿಯಿತು. ದುಡ್ಡಿರಲಿಲ್ಲ. ಕೆಲಸ ಮತ್ತೆ ಎತ್ತಿಕೊಂಡದ್ದು 1665ರಲ್ಲಿ. ಹೀಗಾಗಿ ಈ ಮುಂಭಾಗ ಬೊರೊಮಿನಿಯ ಕೊನೆಯ ಕೆಲಸಗಳಲ್ಲೊಂದು. ಮೊದಲ ಕೆಲಸಕ್ಕೆ ಕೊನೆಯ ಕೆಲಸ ಬಂದು ಅಂಟಿಕೊಂಡಿದೆ.

ಕೆಳ ಅಂತಸ್ತು ಒಳಕ್ಕೆ, ಹೊರಕ್ಕೆ, ಒಳಕ್ಕೆ ಬಾಗುತ್ತದೆ. ಮೇಲಿನ ಅಂತಸ್ತು ಮೂರೂ ಕಡೆ ಒಳಕ್ಕೇ ಬಾಗುತ್ತದೆ. ಕೆಳಗೆ ನಡುಭಾಗ ಉಬ್ಬಿದ್ದರೆ ಮೇಲೆ ಅದೇ ಜಾಗ ತಗ್ಗು. ತಲೆಕೆಳಗಾದ ಕಟಾಂಜನದ ಲೆಕ್ಕವೇ ಇಲ್ಲಿ ಕಲ್ಲಿನಲ್ಲಿ ಬೆಳೆದು ನಿಂತಿದೆ. ತುದಿಯಲ್ಲಿ ದೇವದೂತರು ಮೊಟ್ಟೆಯಾಕಾರದ ದೊಡ್ಡ ಚೌಕಟ್ಟೊಂದನ್ನು ಎತ್ತಿ ಹಿಡಿದಿದ್ದಾರೆ. ಬಾಗಿಲ ಮೇಲೆ ಸಂತ ಕಾರ್ಲೊ ಮೂರ್ತಿ. ಆ ಮೂರ್ತಿಯ ಗೂಡಿಗೆ ಕಮಾನು ಇಲ್ಲ. ಎರಡೂ ಪಕ್ಕದ ದೇವದೂತರ ರೆಕ್ಕೆಗಳು ಮೇಲೆದ್ದು ಒಂದನ್ನೊಂದು ಮುಟ್ಟಿ ಅವೇ ಕಮಾನಾಗಿವೆ. ಕೈಚೀಲದಲ್ಲಿ ಚಿಕ್ಕ ದುರ್ಬೀನು ಇದ್ದರೆ ಇಲ್ಲಿ ತೆಗೆಯಿರಿ.

ಇದನ್ನು ಎದುರಿನಿಂದ ನೋಡುವುದು ಕಷ್ಟ, ರಸ್ತೆ ಕಿರಿದು. ನಾವು ಎದುರು ಫುಟ್‌ಪಾತಿನಲ್ಲಿ ಬೆನ್ನು ಗೋಡೆಗೆ ಒತ್ತಿ ಫೋಟೋ ತೆಗೆಯಲು ಒದ್ದಾಡಿ ಸುಮ್ಮನಾದೆವು. ಆಮೇಲೆ ಹೊಳೆದದ್ದು, ಇದು ಎದುರಿನಿಂದ ನೋಡಲು ಮಾಡಿದ್ದೇ ಅಲ್ಲ. ರಸ್ತೆಯುದ್ದಕ್ಕೂ ನಡೆಯುತ್ತ ಬನ್ನಿ. ಚಪ್ಪಟೆ ಗೋಡೆಯಾಗಿದ್ದರೆ ಓರೆಯಿಂದ ಏನೂ ಕಾಣದು. ಅಲೆಯಾದ್ದರಿಂದ ಉಬ್ಬಿದ ಭಾಗ ಮೊದಲು ಮುಂದೆ ಬರುತ್ತದೆ, ಹೆಜ್ಜೆಹೆಜ್ಜೆಗೂ ಒಂದು ಕಂಬ ಮರೆಯಾಗಿ ಇನ್ನೊಂದು ಇಣುಕುತ್ತದೆ. ಕಿರಿದಾದ ರಸ್ತೆಯ ತೊಂದರೆಯನ್ನೇ ಬಂಡವಾಳ ಮಾಡಿಕೊಂಡಿದ್ದಾನೆ.

ಅದೇ ರಸ್ತೆಯಲ್ಲಿ ಐದು ನಿಮಿಷ ನಡೆದರೆ ಸಾಂತಾಂದ್ರೆಯಾ ಅಲ್ ಕ್ವಿರಿನಾಲೆ. 1658ರಲ್ಲಿ ಶುರುವಾದ ಬೆರ್ನಿನಿಯ ಚರ್ಚು. ಇಬ್ಬರು ಎದುರಾಳಿಗಳ ಎರಡು ಮೊಟ್ಟೆಗಳು ಒಂದೇ ಬೀದಿಯಲ್ಲಿ! ಅಲ್ಲಿ ಪಾಂಫಿಲಿ ಮನೆತನದ ದುಡ್ಡು, ಬಣ್ಣದ ಅಮೃತಶಿಲೆ, ಚಿನ್ನದ ಗುಮ್ಮಟ. ಸಾನ್ ಕಾರ್ಲಿನೊದಲ್ಲಿ ಮೊಟ್ಟೆಯ ಉದ್ದದ ತುದಿಯಿಂದ ಒಳಗೆ ಹೋಗುತ್ತೇವೆ, ಬಲಿಪೀಠ ದೂರದಲ್ಲಿ ಕಾಣುತ್ತದೆ. ಸಾಂತಾಂದ್ರೆಯಾದಲ್ಲಿ ಅಗಲದ ಬದಿಯಿಂದ. ಎರಡು ಹೆಜ್ಜೆ ಇಟ್ಟರೆ ಬಲಿಪೀಠ ಮುಖಕ್ಕೇ ಬರುತ್ತದೆ. ಎಡಬಲಕ್ಕೆ ಜಾಗ ಜಾಸ್ತಿ ಇದೆ, ಆದರೆ ಕಣ್ಣು ಅಲ್ಲಿಗೆ ಓಡಿಹೋಗದಂತೆ ಎರಡೂ ತುದಿಯಲ್ಲಿ ಪೀಠದ ಬದಲು ಗೋಡೆಕಂಬ ನಿಲ್ಲಿಸಿದ್ದಾನೆ. ಕಣ್ಣು ಮತ್ತೆ ಬಲಿಪೀಠಕ್ಕೇ. ಅಲ್ಲಿ ಸಂತ ಅಂದ್ರೆಯಾ ಮೋಡದ ಮೇಲೆ ಸ್ವರ್ಗಕ್ಕೆ ಹೊರಟಿದ್ದಾನೆ. ಆ ಮೂರ್ತಿ ಮಾಡಿದವನು ಅಂತೋನಿಯೊ ರಾಜ್ಜಿ, ಸಾನ್ ಕಾರ್ಲಿನೊ ಬಾಗಿಲ ಮೇಲಿನ ಸಂತ ಕಾರ್ಲೊನನ್ನೂ ಕೆತ್ತಿದವನು ಅವನೇ. ಬೆರ್ನಿನಿಗೆ ಇಳಿವಯಸ್ಸಿನಲ್ಲಿ ತನ್ನ ಕೆಲಸಗಳಲ್ಲೆಲ್ಲ ಈ ಚರ್ಚೊಂದೇ ಪೂರಾ ಸಮಾಧಾನ ಕೊಟ್ಟಿತ್ತಂತೆ. ಅವನ ಮಗನೇ ಇದನ್ನು ಹೇಳಿದ್ದಾನೆ.

ಬೆರ್ನಿನಿ ನಾಟಕ ಆಡಿಸುತ್ತಾನೆ, ನಮ್ಮನ್ನು ಒಳ್ಳೆಯ ಸೀಟಿನಲ್ಲಿ ಕೂರಿಸುತ್ತಾನೆ. ಬೊರೊಮಿನಿ ಲೆಕ್ಕ ಕೊಟ್ಟು ಬಿಡಿಸು ಅನ್ನುತ್ತಾನೆ. ನನಗೆ ಎರಡನೆಯವನೇ ಇಷ್ಟ. ಗೆಳೆಯನಿಗೆ ಚಿನ್ನದ ಗುಮ್ಮಟ ಇಷ್ಟವಾಯಿತು, "ದುಡ್ಡು ಹಾಕಿದ್ದು ಕಾಣ್ತದೆ" ಅಂದ. ನೀವು ಹೋದರೆ ಮೊದಲು ಸಾನ್ ಕಾರ್ಲಿನೊ, ಆಮೇಲೆ ಸಾಂತಾಂದ್ರೆಯಾ, ತಿರುಗಿ ಬರುವಾಗ ಮತ್ತೆ ಹತ್ತು ನಿಮಿಷ ಸಾನ್ ಕಾರ್ಲಿನೊ ನೋಡಿ. ಎರಡನೇ ಸಲ ಅದು ಬೇರೆಯಾಗಿ ಕಾಣುತ್ತದೆ. ರೋಮಿನ ಎಷ್ಟೋ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಸಮಯ ನೋಡಿಕೊಂಡು ಹೊರಡಿ.

ಮುಂಭಾಗದ ಕೆಲಸ ನಡೆಯುತ್ತಿದ್ದಾಗಲೇ, 1667ರ ಆಗಸ್ಟ್ ಮೊದಲಲ್ಲಿ, ಬೊರೊಮಿನಿ ತನ್ನದೇ ಕತ್ತಿಯ ಮೇಲೆ ಬಿದ್ದ. ಕೆಲವು ದಿನಗಳಿಂದ ಹುಷಾರಿರಲಿಲ್ಲ. ರಾತ್ರಿ ಬರೆಯಲು ದೀಪ ಬೇಕೆಂದ. ವಿಶ್ರಾಂತಿ ತಗೊಳ್ಳಲಿ ಎಂದು ಆಳು ದೀಪ ಕೊಡಲಿಲ್ಲ. ಗಾಯವಾದ ಮೇಲೂ ಸ್ವಲ್ಪ ಹೊತ್ತು ಬದುಕಿದ್ದ. ನಡೆದದ್ದನ್ನು ತಾನೇ ಹೇಳಿ ಬರೆಸಿದ. ಮುಂಭಾಗದ ಮೇಲಂತಸ್ತನ್ನು ಮುಗಿಸಿದ್ದು ಅವನ ಸಂಬಂಧಿಕ ಬೆರ್ನಾರ್ದೊ.

ಚರ್ಚಿನ ಕೆಳಗೆ ಒಂದು ನೆಲಮಾಳಿಗೆ ಇದೆ. ಬಾಗಿಲು ತೆರೆದಿದ್ದರೆ ಇಳಿಯಿರಿ. ಮೇಲಿನ ಚರ್ಚಿನ ಅಲೆಅಲೆ ನಕ್ಷೆಯೇ ಇಲ್ಲೂ ಇದೆ. ಕಂಬ ಇಲ್ಲ, ಅಲಂಕಾರ ಇಲ್ಲ, ಚಾವಣಿ ತಗ್ಗು. ಅದರ ಒಂದು ಪಕ್ಕದಲ್ಲಿ ಚಿಕ್ಕದೊಂದು ಕೋಣೆ. ತನ್ನ ಸಮಾಧಿಗೆಂದು ಬೊರೊಮಿನಿ ಅದನ್ನು ಮಾಡಿಕೊಂಡಿದ್ದ ಎನ್ನುತ್ತಾರೆ. ಅವನನ್ನು ಹೂತದ್ದು ಊರಿನ ಇನ್ನೊಂದು ಬದಿಯ ಸಾನ್ ಜೊವಾನ್ನಿ ದೇಯಿ ಫಿಯೊರೆಂತೀನಿ ಚರ್ಚಿನಲ್ಲಿ, ಕೆಲಸ ಕಲಿಸಿದ ಮಾದೆರ್ನೊ ಜೊತೆಗೆ. ಈ ಕೋಣೆ ಖಾಲಿಯಾಗಿಯೇ ಇದೆ.